ಬಾದಾಮಿಯ ಗೈಡ್ ಅಣ್ಣನಿಗೊಂದು ಥ್ಯಾಂಕ್ಸ್

ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಆದರೂ ಬಾದಾಮಿಗೆ ಹೋಗಲೇಬೇಕು ಅಂತ ಹಟ. ಇತಿಹಾಸದ ಮೇಷ್ಟ್ರಾಗಿದ್ದವರು ಅಲ್ವಾ! ಗುಹೆಗಳ ಕೆಳಗೆ ನಿಂತಾಗ ನನಗೆ ಕೈಕಾಲೇ ಆಡಲಿಲ್ಲ. ಎತ್ತರದ ಮೆಟ್ಟಿಲು, ಸುತ್ತ ಮಂಗಗಳು. ಹೇಗೋ ಹತ್ತಿಸಿದರೂ ತೋರಿಸುವುದು ಏನನ್ನು?

ಅಲ್ಲಿ ಸಿಕ್ಕ ಗೈಡ್ ಒಬ್ಬರು ಅಪ್ಪನನ್ನು ಒಮ್ಮೆ ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಅಪ್ಪನ ಕೈಯನ್ನು ತಮ್ಮ ಭುಜದ ಮೇಲೆ ಇಟ್ಟುಕೊಂಡು ಹೊರಟೇಬಿಟ್ಟರು. “ಇದು ಎತ್ತರ ಐತ್ರಿ ಅಜ್ಜಾರ, ಮುಂದಿಂದು ಸಣ್ಣದು.”

ಮೊದಲನೇ ಗುಹೆಯ ನಟರಾಜನಿಗೆ 18 ಕೈ. ಬಾಯಲ್ಲಿ ಹೇಳಿ ಮುಗಿಸಬಹುದಿತ್ತು. ಅವರು ಅಪ್ಪನ ಹಿಂದೆ ನಿಂತು, ತೋಳು ಹಿಡಿದು, ಒಂದೊಂದೇ ಭಂಗಿಗೆ ತಿರುಗಿಸಿದರು. ಆನೆ-ಬಸವ ಶಿಲ್ಪವನ್ನು ಅಂಗೈ ಮೇಲೆ ಬೆರಳಿನಿಂದ ಬರೆದರು. ಎರಡಕ್ಕೂ ಒಂದೇ ತಲೆ. ಆನೆಯ ಮೈ ಮುಚ್ಚಿದರೆ ಬಸವ, ಬಸವನ ಮೈ ಮುಚ್ಚಿದರೆ ಆನೆ. ಅಪ್ಪ ಇನ್ನೊಮ್ಮೆ ಬರೆಸಿಕೊಂಡರು.

ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನದ ಮಾತು ಬಂತು. ಅಲ್ಲಿಂದ ನಮ್ಮ ಮೇಷ್ಟ್ರದ್ದೇ ಪಾಠ. ಗೈಡ್ ಅಣ್ಣ ತಮಗೆ ಗೊತ್ತಿದ್ದದ್ದನ್ನೇ “ಹೌದ್ರಿ ಸರ” ಅಂತ ಸುಮ್ನೆ ಕೇಳಿಸಿಕೊಂಡರು. ನನಗೆ ಇದೇ ಜಾಸ್ತಿ ಹಿಡಿಸಿತು.

ಕೆಳಗಿಳಿದ ಮೇಲೆ ಮೊದಲು ಮಾತಾಡಿದಷ್ಟೇ ದುಡ್ಡು ತಗೊಂಡರು. ಹೆಸರು ಕೇಳುವಷ್ಟರಲ್ಲಿ ಶಾಲೆ ಮಕ್ಕಳ ಗುಂಪಿನ ಜೊತೆ ಮತ್ತೆ ಹತ್ತುತ್ತಿದ್ದರು. ಅಣ್ಣಾ, ಇದು ನಿಮ್ಮ ಕಣ್ಣಿಗೆ ಬಿದ್ದರೆ, ತುಂಬಾ ಥ್ಯಾಂಕ್ಸ್. ಐಹೊಳೆಗೂ ನಿಮ್ಮನ್ನೇ ಕರೀಬೇಕು ಅಂತ ಅಪ್ಪ ನನ್ನ ತಲೆ ತಿನ್ನುತ್ತಿದ್ದಾರೆ.