ಕೆರೆ ಏರಿಯ ಹಿರಿಯರಿಗೊಂದು ಕೃತಜ್ಞತೆ

ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆಯ ನಂತರ ನನ್ನನ್ನು ಮತ್ತೆ ನಡಿಗೆಗೆ ಹಚ್ಚಿದ, ತಮ್ಮ ಹೆಸರನ್ನು ಎಲ್ಲಿಯೂ ಬರೆಯಕೂಡದೆಂದು ಕಟ್ಟುನಿಟ್ಟಾಗಿ ಹೇಳಿರುವ ಹಿರಿಯರೊಬ್ಬರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪರಿಚಯವಾದ ಅವರಿಗೂ ಹಿಂದೆ ಇದೇ ಚಿಕಿತ್ಸೆ ಆಗಿತ್ತಂತೆ.

ಊರುಗೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕೆಂದು ಫಿಸಿಯೋಥೆರಪಿಸ್ಟರು ಹೇಳಿದ್ದರು. ಏಕೆಂಬುದನ್ನು ಬಿಡಿಸಿ ಹೇಳಿದವರು ಇವರು. ಒಂದೇ ಕಾಲಿನ ಮೇಲೆ ಭಾರ ಬಿದ್ದಾಗ ಸೊಂಟ ಇನ್ನೊಂದು ಬದಿಗೆ ವಾಲದಂತೆ ಪೃಷ್ಠದ ಪಕ್ಕದ ಸ್ನಾಯುಗಳು ಎಳೆದು ಹಿಡಿಯುತ್ತವೆ, ಆ ಎಳೆತವೂ ಕೀಲಿನ ಮೇಲೆಯೇ ಬೀಳುತ್ತದೆ, ಎದುರು ಬದಿಯ ಕೋಲು ಆ ಕೆಲಸದಲ್ಲಿ ಪಾಲು ಪಡೆಯುವುದರಿಂದ ಕೀಲಿನ ಹೊರೆ ತಗ್ಗುತ್ತದೆ ಎಂದು ಅವರು ವಿವರಿಸಿದರು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಚಿಕಿತ್ಸೆಯಾದ ಕಾಲು ಮೊದಲು ಎಂಬುದನ್ನು ತಾವೇ ಮಾಡಿ ತೋರಿಸಿದರು.

ಕೀಲನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ವೈದ್ಯರು ನನಗೆ ವಿಧಿಸಿದ್ದ ಆರಂಭದ ನಿರ್ಬಂಧಗಳು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ ನಮ್ಮಂಥ ಮನೆಗಳಲ್ಲಿ ಸುಲಭದವಲ್ಲ. ಮದುವೆಮನೆಯ ಪಂಕ್ತಿಯಲ್ಲಿಯೂ ಸಂಕೋಚವಿಲ್ಲದೆ ಎತ್ತರದ ಕುರ್ಚಿ ಕೇಳಿ ಪಡೆಯುವುದನ್ನು ನಾನು ಕಲಿತದ್ದು ಅವರಿಂದಲೇ.

ನಾನು ಶಟಲ್ ಆಟದ ಮಾತೆತ್ತಿದಾಗ, ಅದನ್ನು ನಿರ್ಧರಿಸಬೇಕಾದವರು ನಿಮ್ಮ ಶಸ್ತ್ರವೈದ್ಯರೇ ಹೊರತು ನಾನಲ್ಲ ಎಂದುಬಿಟ್ಟರು. ಅವರ ಮೇಲಿನ ಗೌರವ ಇಮ್ಮಡಿಯಾದದ್ದು ಆಗಲೇ. ವೈದ್ಯರ ಒಪ್ಪಿಗೆಯಂತೆ ಈಗ ಈಜುತ್ತಿದ್ದೇನೆ, ಡಬಲ್ಸ್ ಮಾತ್ರ ಆಡುತ್ತಿದ್ದೇನೆ ಎಂಬ ವರದಿಯನ್ನು ಅವರು ಒಪ್ಪಿಸಿಕೊಳ್ಳಬೇಕಾಗಿ ವಿನಂತಿ.