ಶಕ್ತಿ ಬಂದ ಮೇಲೆ ಆ ಹುಡುಗಿಗೆ ಏನಾಯಿತು?

ಪ್ರಿಯ ಗೆಳತಿ,

ನಿನ್ನ ಫ್ಯಾಂಟಸಿ ಕಾದಂಬರಿಯ ಮೊದಲ ಭಾಗ ಓದಿದೆ. 13 ವರ್ಷದ ಹುಡುಗಿ ಮೊದಲ ಸಲ ಗಾಳಿಯನ್ನು ಕರೆಯುವ ದೃಶ್ಯ ತುಂಬ ಇಷ್ಟವಾಯಿತು. ಆದರೆ ಅಲ್ಲಿಂದ ಮುಂದೆ ಅವಳು ಸುಮ್ನೆ ಗೆಲ್ಲುತ್ತಲೇ ಹೋಗುತ್ತಾಳೆ. ಶಕ್ತಿ ಬಂತು ಅಂದರೆ ಬೆಳೆದಳು ಅಂತ ಅಲ್ಲ, ಅಲ್ವಾ?

ಉರ್ಸುಲಾ ಲೆಗ್ವಿನ್ 1968ರಲ್ಲಿ ಪ್ರಕಟಿಸಿದ 'ಎ ವಿಝರ್ಡ್ ಆಫ್ ಅರ್ತ್‌ಸೀ' ನೋಡು. ಹುಡುಗ ಗೆಡ್‌ಗೆ ಪ್ರತಿಭೆ ಬೇಕಾದಷ್ಟಿದೆ. ಜೊತೆಯವನೊಬ್ಬ ಕೆಣಕಿದ ಅಂತ, ತನ್ನ ಶಕ್ತಿ ತೋರಿಸಲು ಸತ್ತವಳೊಬ್ಬಳ ಆತ್ಮವನ್ನು ಕರೆಯುತ್ತಾನೆ. ಅವಳ ಹಿಂದೆಯೇ ಒಂದು ನೆರಳು ನುಗ್ಗಿ ಬಂದು ಅವನ ಮುಖ ಸೀಳುತ್ತದೆ. ಅವನನ್ನು ಉಳಿಸಲು ಹೋಗಿ ಅವನು ಕಲಿಯುವ ಮಾಯಾವಿದ್ಯೆಯ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾರೆ. ಮುಂದಿನ ಕಥೆಯೆಲ್ಲ ಆ ಒಂದು ಗಳಿಗೆಯ ಜಂಬದಿಂದಲೇ ಹುಟ್ಟುತ್ತದೆ. ಮೊದಲು ನೆರಳಿಗೆ ಹೆದರಿ ಓಡುತ್ತಾನೆ. ಆಮೇಲೆ ತಾನೇ ಅದರ ಬೆನ್ನು ಹತ್ತುತ್ತಾನೆ. ಕೊನೆಗೆ ಅದನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ದೊಡ್ಡ ಸೈನ್ಯಗಳ ಯುದ್ಧವಿಲ್ಲದೆಯೂ ಆ ಕೊನೆ ಮೈ ನಡುಗಿಸುತ್ತದೆ. ಅವನು ಮಾಡಿದ್ದನ್ನು ಅವನೇ ಹೊತ್ತುಕೊಂಡ, ಅದಕ್ಕೆ.

ಫಿಲಿಪ್ ಪುಲ್‌ಮನ್ 1995ರ ಕಾದಂಬರಿಯಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿ ಪ್ರತಿಯೊಬ್ಬರ ಆತ್ಮವೂ ಪ್ರಾಣಿಯ ರೂಪದಲ್ಲಿ ಪಕ್ಕದಲ್ಲೇ ಇರುತ್ತದೆ. ಮಕ್ಕಳದ್ದು ಕ್ಷಣಕ್ಕೊಂದು ರೂಪ ತಾಳುತ್ತದೆ. ದೊಡ್ಡವರಾಗುವಾಗ ಒಂದೇ ರೂಪಕ್ಕೆ ನಿಂತುಬಿಡುತ್ತದೆ. ಬೆಳೆಯುವುದರಲ್ಲಿ ಕಳೆದುಕೊಳ್ಳುವುದೂ ಇದೆ ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ. ಮಾಯೆಯ ನಿಯಮವೇ ಅದನ್ನು ಹೇಳುತ್ತದೆ. ನಿನ್ನ ಗಾಳಿಗೆ ಇಂಥ ನಿಯಮ ಯಾವುದು? ಅವಳ ವಯಸ್ಸಿಗೂ ಅದಕ್ಕೂ ಏನು ನಂಟು? ಸದ್ಯಕ್ಕೆ 40ರ ಹೆಂಗಸಿಗೆ ಆ ಶಕ್ತಿ ಕೊಟ್ಟರೂ ಕಥೆ ಹಾಗೇ ನಡೆಯುತ್ತದೆ.

ಇನ್ನೊಂದು ಮಾತು. ಅಪ್ಪ ಅಮ್ಮನನ್ನು ಮೊದಲ ಅಧ್ಯಾಯದಲ್ಲೇ ಸಾಯಿಸಿದ್ದೀಯ. ಯಾಕೆ ಅಂತ ಗೊತ್ತು. ದೊಡ್ಡವರು ಇದ್ದರೆ ಮಗುವನ್ನು ಅಪಾಯಕ್ಕೆ ಬಿಡುವುದಿಲ್ಲ. ಆದರೂ ಅಮ್ಮ ಬದುಕಿರಲಿ. ಹುಡುಗಿ ಅವಳಿಗೆ ಸುಳ್ಳು ಹೇಳಿ ಹೊರಡಲಿ. ಅನಾಥಳಿಗೆ ಮನೆ ಬಿಡುವುದು ಸುಲಭ. ಕಾಯುವವರು ಇರುವವಳಿಗೆ ಕಷ್ಟ, ಮತ್ತು ನಿನಗೆ ಬೇಕಾದ ಕಥೆ ಆ ಕಷ್ಟದಲ್ಲೇ ಇದೆ.

ಪಾತ್ರಗಳ ಮಾತುಗಳಲ್ಲಿ ಬುದ್ಧಿವಾದ ಜಾಸ್ತಿಯಾಗಿದೆ, ಕಡಿಮೆ ಮಾಡು.

ಮುಂದಿನ ಕರಡಿನಲ್ಲಿ ಅವಳು ಕೋಪಕ್ಕೋ ಹೊಟ್ಟೆಕಿಚ್ಚಿಗೋ ಒಮ್ಮೆ ಗಾಳಿಯನ್ನು ಕರೆಯಲಿ. ಯಾರಿಗೆ ಪೆಟ್ಟಾಯಿತು, ಮರುದಿನ ಅವರ ಮುಂದೆ ಹೇಗೆ ನಿಂತಳು, ಅದನ್ನು ಬರಿ. ಆ ಅಧ್ಯಾಯ ಮುಗಿದ ಕೂಡಲೇ ಕಳಿಸು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳತಿ