ಪಾಪುವಿನ ಸೀಟನ್ನು ಅಲ್ಲಿಂದಲೇ ತಾ

ಚಿ. ಸೌ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವು ಮೂವರೂ ಕ್ಷೇಮವೆಂದು ನಂಬಿದ್ದೇನೆ.

ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದ್ದು ಅರ್ಧ ಕಿವಿಯಲ್ಲಿ ನಿಲ್ಲುತ್ತದೆ, ಅರ್ಧ ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

"ಡಿಸೆಂಬರಿನಲ್ಲಿ ಬರುವಾಗ ಪಾಪುವಿನ ಕಾರ್ ಸೀಟ್ ನ್ಯೂಜೆರ್ಸಿಯಿಂದ ಹೊತ್ಕೊಂಡು ಬರ್ಬೇಕಾ ಮಾವ, ಬೆಂಗಳೂರಲ್ಲೇ ಬಾಡಿಗೆಗೆ ಸಿಗಲ್ವಾ?" ಅಂದೆ. ಸಿಗುತ್ತದೆ. ಆದರೂ ತಾ ಅಂತಲೇ ನಾನು ಹೇಳುವುದು. ಎರಡು ಮಕ್ಕಳ ಬಟ್ಟೆಯಷ್ಟು ಜಾಗ ಹಿಡಿಯಲಿ, ಪರವಾಗಿಲ್ಲ. ಚಾಕೊಲೇಟ್ ಕಡಿಮೆ ತಂದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಇದನ್ನು ನಿನ್ನ ಅಮ್ಮನಿಗೂ ಪೂರ್ತಿ ಹೇಳಿರಲಿಲ್ಲ.

ನನ್ನ ಮಗಳು ಹೋದ ಸಲ ಬಂದಾಗ ಲಗೇಜ್ ಜಾಸ್ತಿ ಆಯಿತೆಂದು ಸೀಟನ್ನು ಅಲ್ಲೇ ಬಿಟ್ಟು ಬಂದಳು. ಇಲ್ಲಿ ಒಂದು ಕಡೆ ಬಾಡಿಗೆಗೆ ಹೇಳಿದೆವು. ರಾತ್ರಿ ಹನ್ನೊಂದಕ್ಕೆ ತಂದುಕೊಟ್ಟರು. ಬಟ್ಟೆ ಒಗೆದಿದ್ದರು, ಸೋಪಿನ ವಾಸನೆ ಘಮ್ಮಂತ ಬರುತ್ತಿತ್ತು. ಮಗಳಿಗೆ ಖುಷಿಯಾಯಿತು. ಬೆಳಿಗ್ಗೆ ಐದಕ್ಕೆ ಗಾಡಿಗೆ ಕಟ್ಟೋಣವೆಂದು ನಾನು ಅದನ್ನು ಬೋರಲು ಹಾಕಿ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿದ್ದ ಚೀಟಿ ಕಿತ್ತು ಹೋಗಿತ್ತು. ಯಾವ ವರ್ಷದ್ದೋ ಗೊತ್ತಿಲ್ಲ. ಬೆಲ್ಟ್ ತೂರಿಸುವ ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. ಉಗುರಿನಿಂದ ಒತ್ತಿದರೆ ಬಾಯಿ ಬಿಡುತ್ತಿತ್ತು. ಬಿರುಕು. ಫೋನ್ ಮಾಡಿ "ಇದು ಯಾವುದಾದರೂ ಆ್ಯಕ್ಸಿಡೆಂಟ್‌ನಲ್ಲಿ ಇತ್ತಾ?" ಅಂತ ಕೇಳಿದೆ. "ಏನೂ ಆಗಿಲ್ಲ ಸರ್, ಎಲ್ಲರೂ ತಗೊಂಡ್ ಹೋಗ್ತಾರೆ" ಅಂದರು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅಷ್ಟೇ.

ಆ ಸೀಟನ್ನು ಮನೆಯಲ್ಲೇ ಬಿಟ್ಟೆವು. ಮಗು ತಾಯಿಯ ತೊಡೆ ಮೇಲೆ ಕೂತಿತು. ಕಡೂರು ದಾಟಿದ ಮೇಲೆ ಒಂದು ಹಸು ಅಡ್ಡ ಬಂತು. ಗಾಡಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿತ್ತು, ಅದಕ್ಕಿಂತ ಜಾಸ್ತಿ ಇರಲಿಲ್ಲ. ಬ್ರೇಕ್ ಹಾಕಿದೆ. ಹಸು ತಪ್ಪಿಸಿಕೊಂಡು ಹೋಯಿತು. ಹಿಂದೆ ಮಗು ತಾಯಿಯ ಕೈಯಿಂದ ಜಾರಿ ಮುಂದಿನ ಸೀಟಿಗೆ ಬಡಿದಿತ್ತು. ತುಟಿ ಒಡೆದು ರಕ್ತ. ಹೆಚ್ಚೇನೂ ಆಗಲಿಲ್ಲ, ಕಡೂರಿಗೆ ವಾಪಸ್ ಹೋಗಿ ಡಾಕ್ಟರಿಗೆ ತೋರಿಸಿದೆವು. ಆದರೆ ಇಪ್ಪತ್ತೆಂಟು ವರ್ಷ ಟ್ಯಾಕ್ಸಿ ಓಡಿಸಿದ ನನ್ನ ಕೈ ಅವತ್ತು ನಡುಗಿತು. ಮಗಳು ಮಗುವನ್ನು ಸಡಿಲ ಹಿಡಿದಿರಲಿಲ್ಲ ಪುಟ್ಟಿ. ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ಐವತ್ತರ ವೇಗದಲ್ಲಿ ಗಾಡಿ ಎಲ್ಲಿಗಾದರೂ ಗುದ್ದಿದರೆ ಹನ್ನೆರಡು ಕೆಜಿಯ ಮಗು ಕೈಗೆ ಇನ್ನೂರು ಕೆಜಿಗಿಂತ ಜಾಸ್ತಿ ಭಾರವಾಗಿ ಎಳೆಯುತ್ತದೆ. ಅದನ್ನು ಯಾವ ತಾಯಿಯ ಕೈಯೂ ತಡೆಯುವುದಿಲ್ಲ.

ಬಾಡಿಗೆ ಸೀಟಿನಲ್ಲಿ ನನಗೆ ಆಗದಿರುವುದು ಇದೇ. ಅದರ ಹಿಂದಿನ ಕಥೆ ಯಾರಿಗೂ ಗೊತ್ತಿರುವುದಿಲ್ಲ. ಈ ಸೀಟುಗಳಿಗೂ ಆಯಸ್ಸು ಇದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ. ಬಿಸಿಲು ಬಿದ್ದು ಬಿದ್ದು ಪ್ಲಾಸ್ಟಿಕ್ ಸೋಲುತ್ತದೆ. ದೊಡ್ಡ ಅಪಘಾತ ಕಂಡ ಸೀಟನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು. ನಿನ್ನ ಸೀಟಿನ ಜಾತಕ ನಿನಗೆ ಗೊತ್ತು. ಯಾವಾಗ ತಗೊಂಡೆ, ಎಲ್ಲೆಲ್ಲಿ ಹೋಯಿತು, ಎಲ್ಲ ಗೊತ್ತು. ಕತ್ತಲಲ್ಲೂ ಅದರ ಪಟ್ಟಿ ಬಿಗಿ ಮಾಡಲು ನಿನ್ನ ಕೈಗೆ ಬರುತ್ತದೆ. ಹೊಸ ಊರಿನಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಅದೇ ದೊಡ್ಡದು.

ಅಮೆರಿಕದಲ್ಲೇ ಎಲ್ಲಿಗಾದರೂ ಹೋದರೂ ಇದೇ ಮಾತು. ಅಲ್ಲಿ ಬಾಡಿಗೆ ಕಾರಿನ ಜೊತೆ ಮಕ್ಕಳ ಸೀಟಿಗೆ ದಿನಕ್ಕೆ ಹತ್ತರಿಂದ ಹದಿನೈದು ಡಾಲರ್ ಹಿಡಿಯುವುದನ್ನು ನಾನೇ ನೋಡಿದ್ದೇನೆ. ಒಂದು ವಾರದ ಬಾಡಿಗೆಗೆ ಅಂಗಡಿಯಲ್ಲಿ ಒಂದು ಹೊಸ ಸಾದಾ ಸೀಟೇ ಬರುತ್ತದೆ. ಕೌಂಟರಿನವರು ಕೈಗೆ ಕೊಡುತ್ತಾರೆ, ಕಾರಿಗೆ ಕಟ್ಟಿಕೊಡುವುದಿಲ್ಲ.

ನಿಮ್ಮ ಕಾರಿನಲ್ಲಿರುವ ಆ ತಿರುಗುವ ದೊಡ್ಡ ಸೀಟನ್ನು ಮಾತ್ರ ತರಬೇಡ. ಅದನ್ನು ಎತ್ತಿದರೆ ಸೊಂಟ ಹಿಡಿಯುತ್ತದೆ. ನಾಲ್ಕೈದು ಕೆಜಿಯ ಹಗುರವಾದ ಸೀಟುಗಳು ಬರುತ್ತವೆ. ಅಂಥದ್ದೊಂದು ಈಗಲೇ ತಗೋ. ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ನಿಮ್ಮ ಕಾರಿನಲ್ಲಿ ಪಾಪುವನ್ನು ಅದರಲ್ಲಿ ಕೂರಿಸಿ ರೂಢಿ ಮಾಡಿಸು.

ತರುವಾಗ ಅದನ್ನು ಚೆಕ್-ಇನ್ ಲಗೇಜಿಗೆ ಹಾಕಬೇಡ. ಹೆಚ್ಚಿನ ವಿಮಾನ ಕಂಪನಿಗಳು ಮಕ್ಕಳ ಸೀಟಿಗೆ ಬೇರೆ ದುಡ್ಡು ಕೇಳುವುದಿಲ್ಲ, ನಿಜ. ಆದರೆ ಲಗೇಜನ್ನು ಎತ್ತಿ ಎಸೆಯುವುದನ್ನು ನೀನೂ ಕಿಟಕಿಯಿಂದ ನೋಡಿರುತ್ತೀಯ, ಅಲ್ವಾ? ಸೀಟು ಇನ್ನೊಂದು ಊರಿಗೆ ಹೋಗಿಬಿಟ್ಟರೆ ಬೆಂಗಳೂರಿನಲ್ಲಿ ಇಳಿದು ಮತ್ತೆ ಮಗುವನ್ನು ತೊಡೆ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ.

ಪಾಪುವಿಗೆ ಎರಡು ತುಂಬಿ ನಾಲ್ಕು ತಿಂಗಳು. ಎರಡು ತುಂಬಿದ ಮಗುವಿಗೆ ಹೇಗೂ ಪೂರ್ತಿ ಸೀಟಿನ ಟಿಕೆಟ್ ತೆಗೆಯಲೇಬೇಕು. ದುಡ್ಡು ಕೊಟ್ಟ ಜಾಗದಲ್ಲಿ ಅವಳದೇ ಸೀಟನ್ನು ಕಟ್ಟು. ಸೀಟಿನ ಪಕ್ಕದ ಚೀಟಿ ನೋಡು. ಮೋಟಾರು ಗಾಡಿಗೂ ವಿಮಾನಕ್ಕೂ ಆಗುತ್ತದೆ ಎಂದು ಕೆಂಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿರಬೇಕು. ಆ ಸಾಲಿನ ಒಂದು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೋ. ಅಮೆರಿಕದ ವಿಮಾನ ಕಂಪನಿಗಳು ಅಲ್ಲಿನ ಸರ್ಕಾರದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮದ ಪ್ರಕಾರ ಬೇಡ ಅನ್ನುವ ಹಾಗಿಲ್ಲ. ಬೇರೆ ದೇಶದ ಕಂಪನಿಗಳಿಗೆ ಅವರವರದೇ ನಿಯಮ. ಮಗುವಿನ ಮುಖ ಹಿಂದಕ್ಕೆ ಮಾಡಿ ಕಟ್ಟುವುದಕ್ಕೆ ಕೆಲವರು ಒಪ್ಪುವುದಿಲ್ಲ. ನೀವು ಎಲ್ಲೋ ಮಧ್ಯದಲ್ಲಿ ವಿಮಾನ ಬದಲಾಯಿಸುತ್ತೀರಿ. ಎರಡನೆಯ ವಿಮಾನ ಯಾರದೆಂದು ನೋಡಿ, ಅವರಿಗೂ ಮೊದಲೇ ಇಮೇಲ್ ಬರೆದು ಉತ್ತರ ತರಿಸಿಕೋ. ಗೇಟಿನಲ್ಲಿ ವಾದ ಮಾಡುವುದಕ್ಕಿಂತ ಆ ಉತ್ತರ ತೋರಿಸುವುದು ಸುಲಭ.

ಕಿಟಕಿ ಪಕ್ಕದ ಜಾಗ ತಗೋ. ಮಗುವಿನ ಸೀಟು ಕಿಟಕಿ ಕಡೆ ಇದ್ದರೆ ಬೇರೆಯವರ ಓಡಾಟಕ್ಕೆ ಅಡ್ಡ ಆಗುವುದಿಲ್ಲ. ತುರ್ತು ಬಾಗಿಲ ಸಾಲಿನಲ್ಲಿ, ಅದರ ಹಿಂದೆ ಮುಂದೆ ಕೊಡುವುದಿಲ್ಲ. ಸೀಟಿನ ಅಗಲವನ್ನು ಟೇಪ್ ಹಿಡಿದು ಅಳೆ. ಎಕಾನಮಿಯ ಜಾಗ ಹದಿನೇಳು ಇಂಚಿನ ಆಸುಪಾಸು ಇರುತ್ತದೆ. ಕೈ ಇಡುವ ಕಟ್ಟೆ ಎತ್ತಿಕೊಂಡು ಕೂರಿಸುವುದು ಸುಲಭ.

ನಾನು ಮಗಳ ಜೊತೆ ಒಮ್ಮೆ ಹಾಗೆ ಬಂದಿದ್ದೆ. ಮೊಮ್ಮಗ ತನ್ನ ಸೀಟು ಕಂಡ ಕೂಡಲೇ ತಾನೇ ಹತ್ತಿ ಕೂತ. ಅದರ ಕೈಹಿಡಿಯಲ್ಲಿ ಅವನು ಹಲ್ಲು ಬರುವಾಗ ಕಚ್ಚಿದ ಗುರುತು ಇತ್ತು. ಅದನ್ನೇ ಸವರುತ್ತಾ ನಿದ್ದೆ ಹೋದ. ಆರು ಗಂಟೆ ಎದ್ದಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ತೊಡೆ ಮೇಲಿದ್ದ ಕೂಸು ಪಾಪ, ಅತ್ತೂ ಅತ್ತೂ ಸುಸ್ತಾಯಿತು. ತಾಯಿಯ ತೋಳು ಮರಗಟ್ಟಿ ಹೋಗಿತ್ತು. ಒಂದು ತೊಂದರೆ ಹೇಳುತ್ತೇನೆ, ಮುಂದಕ್ಕೆ ಮುಖ ಮಾಡಿ ಕಟ್ಟಿದರೆ ಮಗುವಿನ ಕಾಲು ಮುಂದಿನ ಸೀಟಿಗೆ ತಗಲುತ್ತದೆ, ಒದೆಯುತ್ತದೆ. ಮುಂದಿನ ಸಾಲಿನಲ್ಲಿ ಅಳಿಯಂದಿರೇ ಕೂತರೆ ಆಯಿತು.

ವಿಮಾನಕ್ಕೆ ಮಾತ್ರ ಅಂತ ಕೇರ್ಸ್ ಎಂಬ ಒಂದು ಪಟ್ಟಿ ಸಿಗುತ್ತದೆ. ಹತ್ತರಿಂದ ಇಪ್ಪತ್ತು ಕೆಜಿಯ ಮಕ್ಕಳಿಗೆ. ಮಡಚಿದರೆ ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಅದನ್ನು ನೋಡಿ ಆಸೆ ಆದೀತು. ಅದು ಕಾರಿಗೆ ಬರುವುದಿಲ್ಲ ಪುಟ್ಟಿ. ಇಳಿದ ಮೇಲೆ ನಮ್ಮೂರು ಸಾಗರದವರೆಗೆ ಮಗುವನ್ನು ಎಲ್ಲಿ ಕೂರಿಸುತ್ತೀಯ?

ಇನ್ನು ನಮ್ಮ ಕಡೆಯ ವಿಷಯ. ಸೀಟು ತಂದರೂ ಅರ್ಧ ಕೆಲಸ ಉಳಿದೇ ಇರುತ್ತದೆ, ಯಾಕೆಂದರೆ ನಮ್ಮ ಗಾಡಿಗಳ ಹಿಂದಿನ ಬೆಲ್ಟುಗಳ ಗತಿ ನಿನಗೆ ಗೊತ್ತಿಲ್ಲ. ನನ್ನ ಇನ್ನೋವಾದಲ್ಲೇ ನೋಡು. ರೆಕ್ಸಿನ್ ಕವರ್ ಹಾಕಿಸಿದಾಗ ಹಿಂದಿನ ಬಕಲ್‌ಗಳನ್ನೆಲ್ಲ ಒಳಗೆ ತುರುಕಿಬಿಟ್ಟಿದ್ದರು. ಮೊನ್ನೆ ನಿನ್ನ ಫೋನ್ ಬಂದ ಮೇಲೆ ಕವರಿನ ಕೊಕ್ಕೆ ಬಿಡಿಸಿ ಕೈ ಹಾಕಿದೆ. ಕಡಲೆಕಾಯಿ ಸಿಪ್ಪೆ, ಟೋಲ್ ಚೀಟಿ, ಒಂದು ಕಾಲ್ಗೆಜ್ಜೆಯ ಗೆಜ್ಜೆ, ಆಮೇಲೆ ಬಕಲ್. ಹಳೆ ಬ್ರಶ್ಶಿನಲ್ಲಿ ಧೂಳು ತೆಗೆದು, ಬೆಲ್ಟ್ ತೂರಿಸಿ ನೋಡಿದೆ. ಕ್ಲಿಕ್ ಅಂತು. ಎಳೆದೆ, ಬಿಡಲಿಲ್ಲ. ರೆಕ್ಸಿನ್‌ಗೆ ಕತ್ತರಿಯಲ್ಲಿ ಸೀಳು ಕೊಟ್ಟು ಬಕಲ್ ಮೇಲೆ ನಿಲ್ಲುವ ಹಾಗೆ ಮಾಡಿದ್ದೇನೆ.

ಇನ್ನೊಂದು ಇದೆ, ಇದನ್ನು ಗಮನ ಕೊಟ್ಟು ಓದು. ನಿಮ್ಮ ಅಲ್ಲಿನ ಕಾರಿನಲ್ಲಿ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಬಿಟ್ಟರೆ ಕಟಕಟ ಸದ್ದು ಮಾಡುತ್ತಾ ಒಳಗೆ ಹೋಗುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಹಾಗೆ ಬೀಗ ಬಿದ್ದ ಬೆಲ್ಟ್ ಮಗುವಿನ ಸೀಟನ್ನು ಬಿಗಿಯಾಗಿ ಹಿಡಿಯುತ್ತದೆ. ನಮ್ಮಲ್ಲಿ ಹೆಚ್ಚಿನ ಗಾಡಿಗಳ ಬೆಲ್ಟಿಗೆ ಆ ಬೀಗ ಇಲ್ಲ. ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತದೆ, ಉಳಿದ ಹೊತ್ತು ಸಡಿಲ. ಅಲ್ಲಿನ ಸೀಟನ್ನು ಇಲ್ಲಿ ಹಾಗೇ ಕಟ್ಟಿದರೆ ತಿರುವಿನಲ್ಲಿ ಅಲ್ಲಾಡುತ್ತದೆ. ಆದ್ದರಿಂದ ಸೀಟು ಕೊಳ್ಳುವಾಗಲೇ ಅದರಲ್ಲಿ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಇದೆಯಾ ಅಂತ ನೋಡು. ಇಲ್ಲವಾದರೆ ಇಂಗ್ಲಿಷಿನ ಹೆಚ್ ಅಕ್ಷರದ ಆಕಾರದ ಕಬ್ಬಿಣದ ಲಾಕಿಂಗ್ ಕ್ಲಿಪ್ ಸಿಗುತ್ತದೆ. ನಿನ್ನ ಸೀಟಿನ ಪುಸ್ತಕದಲ್ಲಿ ಅದಕ್ಕೆ ಒಪ್ಪಿಗೆ ಇದ್ದರೆ ಒಂದು ತಗೊಂಡು ಬಾ. ಆ ಪುಸ್ತಕವನ್ನೂ ತಾ. ಹೊಸ ಗಾಡಿಗಳಲ್ಲಿ ಸೀಟಿನ ಸಂದಿಯಲ್ಲಿ ಐಸೊಫಿಕ್ಸ್ ಕಂಬಿ ಇರುತ್ತದೆ, ನಿಮ್ಮ ಸೀಟಿನ ಕೊಕ್ಕೆ ಅದಕ್ಕೆ ಕೂರುತ್ತದೆ. ನನ್ನ ಗಾಡಿ ಹಳೆಯದು, ಅದರಲ್ಲಿ ಇಲ್ಲ.

ಕಟ್ಟಿದ ಮೇಲೆ ಬೆಲ್ಟ್ ಹಾಯ್ದ ಜಾಗದಲ್ಲಿ ಹಿಡಿದು ಅಲ್ಲಾಡಿಸು. ಒಂದಿಂಚಿಗಿಂತ ಜಾಸ್ತಿ ಸರಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಡ್ರೈವರ್ ಹಾರ್ನ್ ಹೊಡೆಯಲಿ, ಹಿಂದಿನವರು ಬೈಯಲಿ, ಬಿಚ್ಚಿ ಕಟ್ಟು. ಮಗುವಿನ ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಜಾಕೆಟ್ ಹಾಕಿ ಪಟ್ಟಿ ಬಿಗಿಯಬೇಡ. ಬೆಂಗಳೂರಿನಲ್ಲಿ ಆ್ಯಪ್ ಕ್ಯಾಬ್ ಕರೆದರೆ ಮೊದಲೇ ಫೋನ್ ಮಾಡಿ ಹಿಂದಿನ ಬೆಲ್ಟ್ ಇದೆಯಾ ಕೇಳು. ಆಟೋದಲ್ಲಿ ಮಾತ್ರ ಏನೂ ಮಾಡಲು ಬರುವುದಿಲ್ಲ. ಮಗು ಜೊತೆಗಿದ್ದಾಗ ಆಟೋ ಬಿಟ್ಟುಬಿಡು. ರಾತ್ರಿ ತಾಳಗುಪ್ಪ ರೈಲಿನಲ್ಲಿ ಸಾಗರಕ್ಕೆ ಬರುವುದಾದರೂ ನನಗೆ ಸಂತೋಷವೇ. ಮಗು ಬರ್ತಿನಲ್ಲಿ ಹಾಯಾಗಿ ಮಲಗುತ್ತದೆ. ಆದರೆ ಏರ್‌ಪೋರ್ಟಿನಿಂದ ಸ್ಟೇಷನ್ನಿಗೆ, ಊರಿನಲ್ಲಿ ಇಕ್ಕೇರಿಗೆ, ಜೋಗಕ್ಕೆ ಕಾರೇ ಬೇಕಲ್ಲ.

ಕೊನೆಗೆ ನಿನ್ನ ಅಜ್ಜಿ. ಇದು ಎಲ್ಲಕ್ಕಿಂತ ಕಷ್ಟ ಅಂತ ನನಗೆ ಗೊತ್ತು. ಎರಡು ವರ್ಷದಿಂದ ವಿಡಿಯೋದಲ್ಲೇ ನೋಡಿದ ಮರಿಮಗಳು. ಕಾರು ಹತ್ತಿದ ಕೂಡಲೇ "ಕೊಡೇ ಇಲ್ಲಿ, ಕೂಸನ್ನ ಹೀಗ್ ಕಟ್ಟಿ ಹಾಕ್ತಾರಾ? ನಿಮ್ಮನ್ನೆಲ್ಲ ನಾವು ಮಡಿಲಲ್ಲೇ ಬೆಳೆಸಲಿಲ್ವಾ?" ಅಂತಾರೆ. ಅವರ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೇನಿಲ್ಲ. ನೀನು ಎದುರು ಹೇಳಲು ಹೋಗಬೇಡ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾರೆ. ನಾನು ಹೇಳುತ್ತೇನೆ. ಕಡೂರಿನ ಕಥೆಯನ್ನು ಈ ವಾರವೇ ಪೂರ್ತಿ ಹೇಳುತ್ತೇನೆ. ಕಾನೂನೂ ಈಗ ನಮ್ಮ ಕಡೆ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸದಿದ್ದರೆ ಓಡಿಸುವವನಿಗೆ ಸಾವಿರ ರೂಪಾಯಿ ದಂಡ. ಅಜ್ಜಿಗೆ ದಂಡದ ಲೆಕ್ಕ ಬೇಡ, ಪಾಪುವಿನ ಪಕ್ಕದ ಜಾಗ ಅವರಿಗೇ ಕೊಡೋಣ. ಅವಳ ಕೈ ಹಿಡಿದುಕೊಂಡು ಬರಲಿ. ಕೋಡುಬಳೆ ಡಬ್ಬಿ ಅವರ ತೊಡೆ ಮೇಲೆ ಇರಲಿ. ಅರಸೀಕೆರೆಯಲ್ಲಿ ಗಾಡಿ ನಿಲ್ಲಿಸಿದಾಗ ಎಷ್ಟು ಹೊತ್ತು ಬೇಕಾದರೂ ಎತ್ತಿಕೊಳ್ಳಲಿ, ನಾನು ಅವಸರ ಮಾಡುವುದಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇನೆ.

ಸೀಟು ಕೊಂಡ ಕೂಡಲೇ ಅದರ ತಳದ ಫೋಟೋ, ಅಗಲ ಎಷ್ಟು ಇಂಚು ಅನ್ನುವುದು, ಎರಡನ್ನೂ ನನಗೆ ಕಳಿಸು. ಅಷ್ಟೇ ಅಗಲದ ರಟ್ಟಿನ ಪೆಟ್ಟಿಗೆ ಇಟ್ಟು ಬೆಲ್ಟಿನ ಉದ್ದ ಸಾಲುತ್ತದೋ ಇಲ್ಲವೋ ನೋಡುತ್ತೇನೆ. ಟಿಕೆಟ್ ಆದ ಮೇಲೆ ಇಳಿಯುವ ಸಮಯ ತಿಳಿಸು. ಟರ್ಮಿನಲ್ ಎರಡರ ಹೊರಗೆ ಗಾಡಿ ಇಟ್ಟುಕೊಂಡು ಕಾದಿರುತ್ತೇನೆ. ಎಷ್ಟು ರಾತ್ರಿಯಾದರೂ ಸರಿ. ಅತ್ತೆ ಪಾಪುವಿಗೆಂದು ರಾಗಿ ಹುರಿಟ್ಟು ಮಾಡಿಟ್ಟಿದ್ದಾಳೆ, ಅದನ್ನೂ ತರುತ್ತೇನೆ.

ಇಂತಿ ನಿನ್ನ
ಮಾವ